ಕಣ್ಣೊಳಗಿನ ಹಳೆ ಲೆನ್ಸ್ ತೆಗೆದು ಲೇಸರ್ ಮೋತಿಬಿಂದು ಆಪರೇಷನ್: ನನ್ನ ಬಲಗಣ್ಣಿನ ಅನುಭವ

ನನಗೆ 47 ವರ್ಷ. ಬೆಳಗಾವಿಯ ವಡಗಾವಿಯಲ್ಲಿ ಮನೆ. ಸೀರೆಗಳಿಗೆ ಜಕಾರ್ಡ್ ಡಿಸೈನ್, ಅಂದರೆ ಮಗ್ಗದಲ್ಲೇ ನೇಯ್ದು ಮೂಡುವ ಚಿತ್ತಾರ, ಹಾಕುವುದು ಕೆಲಸ. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತ ಹೋಗಬೇಕು. ಒಂದು ಚೌಕ ತಪ್ಪಿದರೆ ಸೆರಗಿನ ಉದ್ದಕ್ಕೂ ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಈಗ ಕಂಪ್ಯೂಟರ್ ಬಂದಿದೆ, ನಾನೂ ಬಳಸುತ್ತೇನೆ. ಆದರೆ ಹೊಸ ಬುಟ್ಟಾ ಇವತ್ತಿಗೂ ಮೊದಲು ಹಾಳೆಯ ಮೇಲೇ ಹುಟ್ಟುತ್ತದೆ. ಹಾಗಾಗಿ ಕಣ್ಣು ಅಂದರೆ ನನಗೆ ಅನ್ನ.

ಕಳೆದ ಫೆಬ್ರುವರಿಯಲ್ಲಿ ನನ್ನ ಬಲಗಣ್ಣಿಗೆ ಫೆಮ್ಟೋಸೆಕೆಂಡ್ ಲೇಸರ್ (ಅತಿ ಸಣ್ಣ ಮಿಡಿತಗಳಲ್ಲಿ ಕತ್ತರಿಸುವ ಲೇಸರ್) ಬಳಸಿ ಮೋತಿಬಿಂದು ಆಪರೇಷನ್ ಆಯಿತು. ಮಾಮೂಲಿ ಮೋತಿಬಿಂದು ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನನ್ನ ಕಣ್ಣಿನೊಳಗೆ 2009ರಿಂದಲೇ ಒಂದು ಲೆನ್ಸ್ ಇತ್ತು. ಚಸ್ಮಾ ಬೇಡ ಅಂತ ಹಾಕಿಸಿಕೊಂಡ ಐಸಿಎಲ್ (ಇಂಪ್ಲಾಂಟಬಲ್ ಕಾಲಮರ್ ಲೆನ್ಸ್). ಮೊದಲು ಅದನ್ನು ತೆಗೆಯಬೇಕು, ಆಮೇಲೆ ಪೊರೆ ತೆಗೆಯಬೇಕು, ಆಮೇಲೆ ಹೊಸ ಲೆನ್ಸ್ ಕೂರಿಸಬೇಕು. ಈ ಬಗ್ಗೆ ಕನ್ನಡದಲ್ಲಿ ಎಷ್ಟು ಹುಡುಕಿದರೂ ನನಗೆ ಏನೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಚಿಕಿತ್ಸೆಗೆ ನನ್ನ ಅಂಕ ಐದಕ್ಕೆ ನಾಲ್ಕು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ದೂರುವುದೂ ಇದೆ, ಎರಡಕ್ಕೂ ಹೆಸರು ಬೇಕಾಗಿಲ್ಲ.

ಮೊದಲು ಹಳೆ ಕಥೆ. ಚಿಕ್ಕಂದಿನಿಂದ ನನಗೆ ಮೈನಸ್ ನಂಬರ್. ಹೈಸ್ಕೂಲಿಗೆ ಬರುವ ಹೊತ್ತಿಗೆ ಮೈನಸ್ 9. ಮದುವೆ ಹೊತ್ತಿಗೆ ಮೈನಸ್ 14. ಚಸ್ಮಾ ತೆಗೆದರೆ ಮೂಗಿನ ಹತ್ತಿರ ಹಿಡಿದ ಬೆರಳಷ್ಟೇ ಸ್ಪಷ್ಟ. ಇಷ್ಟು ನಂಬರಿಗೆ ಲಾಸಿಕ್ ಆಗುವುದಿಲ್ಲ ಅಂದರು. ಲಾಸಿಕ್‌ನಲ್ಲಿ ಕಣ್ಣಿನ ಮುಂದಿನ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಅದನ್ನೇ ಲೇಸರ್‌ನಿಂದ ಸವೆಸುತ್ತಾರೆ. ನಂಬರ್ ಹೆಚ್ಚಿದ್ದಷ್ಟೂ ಜಾಸ್ತಿ ಸವೆಸಬೇಕು. ನನ್ನ ಕಾರ್ನಿಯಾಕ್ಕೆ ಅಷ್ಟು ದಪ್ಪ ಇರಲಿಲ್ಲ. ಆಗ ಹೇಳಿದ್ದು ಐಸಿಎಲ್. ಕಾಲಮರ್ ಅನ್ನುವ ಮೆತ್ತನೆಯ ವಸ್ತುವಿನ ತೆಳು ಲೆನ್ಸ್ ಅದು. ಕಣ್ಣಿನ ಬಣ್ಣದ ಪರದೆ ಇದೆಯಲ್ಲ, ಐರಿಸ್, ಅದರ ಹಿಂದೆ ಕೂರಿಸುತ್ತಾರೆ. ನಮ್ಮ ಸ್ವಂತ ಮಸೂರ ಇದ್ದಲ್ಲೇ ಇರುತ್ತದೆ. ಅದರ ಮುಂದೆ ಇದು.

31ನೇ ವಯಸ್ಸಿನಲ್ಲಿ ಎರಡೂ ಕಣ್ಣಿಗೆ ಹಾಕಿಸಿಕೊಂಡೆ. ಮರುದಿನ ಬೆಳಿಗ್ಗೆ ಎದ್ದು ಗೋಡೆಯ ಗಡಿಯಾರ ನೋಡಿದ್ದು ಇವತ್ತಿಗೂ ನೆನಪಿದೆ. ಸುಮಾರು ಹದಿನಾಲ್ಕು ವರ್ಷ ಚಸ್ಮಾ ಇಲ್ಲದೆ ಬದುಕಿದೆ. ಆ ಲೆನ್ಸ್ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ.

2023ರ ಮಳೆಗಾಲದ ಹೊತ್ತಿಗೆ ಬಲಗಣ್ಣು ಮಸುಕಾಗಲು ಶುರುವಾಯಿತು. ರಾತ್ರಿ ಖಾನಾಪುರ ರಸ್ತೆಯಲ್ಲಿ ಬೈಕ್ ಓಡಿಸುವಾಗ ಎದುರಿನ ಗಾಡಿಯ ದೀಪ ಒಡೆದ ಗಾಜಿನ ಹಾಗೆ ಚದುರಿ ಕಾಣುತ್ತಿತ್ತು. ಚಸ್ಮಾ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದೆ. ಮೈನಸ್ 2 ಬಂದಿದೆ ಅಂದರು, ಚಸ್ಮಾ ಮಾಡಿಕೊಟ್ಟರು. ಎಂಟು ತಿಂಗಳಿಗೆ ಮೈನಸ್ 3.5. ಮತ್ತೆ ಹೊಸ ಗಾಜು. ನಂಬರ್ ಯಾಕೆ ಏರುತ್ತಿದೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಸೂರದ ನಡುಭಾಗ ಗಟ್ಟಿಯಾಗುತ್ತ ಹೋದರೆ ಮೈನಸ್ ನಂಬರ್ ಏರುತ್ತದೆ, ಅದೇ ಮೋತಿಬಿಂದುವಿನ ಒಂದು ಗುರುತು ಅಂತ ಆಮೇಲೆ ತಿಳಿಯಿತು. ನಲವತ್ತು ದಾಟಿದ ಮೇಲೆ ದೂರದ ನಂಬರ್ ಹೀಗೆ ಸರಸರ ಏರಿದರೆ ಚಸ್ಮಾ ಅಂಗಡಿಗಲ್ಲ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು.

ಇದಾದ ಮೇಲೆ ನಡೆದ ಒಂದು ಘಟನೆ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ಕಣ್ಣಿನ ದವಾಖಾನೆಗೆ ಹೋಗಿದ್ದೆ. ಅಲ್ಲಿ ಮೊದಲು ನೋಡಿದ ಸಹಾಯಕರು "ಕಣ್ಣಾಗ ಲೆನ್ಸ್ ಐತಿ, ಅಂದ್ರ ಮೋತಿಬಿಂದು ಆಪರೇಷನ್ ಆಗೇತಿ" ಅಂತ ಕಾಗದದಲ್ಲಿ ಬರೆದರು. ಮೋತಿಬಿಂದು ಆಪರೇಷನ್ ಆದ ಕೆಲವರಿಗೆ ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ಹೊಸ ಲೆನ್ಸಿನ ಹಿಂದಿನ ಪರದೆ ಮಂಜಾಗುತ್ತದೆ. ಅದಕ್ಕೆ ಯಾಗ್ ಲೇಸರ್ ಅನ್ನುವ ಲೇಸರ್ ಬಿಟ್ಟು ಪರದೆಯಲ್ಲಿ ಕಿಂಡಿ ಮಾಡುತ್ತಾರೆ. ಐದು ನಿಮಿಷದ ಕೆಲಸ. ನನಗೂ ಅದೇ ಬೇಕು ಅಂತ ಬರೆದು ಹಣ ಕಟ್ಟಿಸಿಕೊಂಡರು. ನಾನು "ಅದು ಚಸ್ಮಾ ಬಿಡಿಸಾಕ ಹಾಕಿದ ಲೆನ್ಸ್ ರೀ" ಅಂತ ಎರಡು ಸಲ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಲೇಸರ್ ಮುಂದೆ ಗದ್ದ ಇಟ್ಟು ಕೂತಾಗ ಅಲ್ಲಿನ ಡಾಕ್ಟರ್ ಸ್ವತಃ ನೋಡಿ ತಟ್ಟನೆ ನಿಲ್ಲಿಸಿದರು. ನನ್ನ ಸ್ವಂತ ಮಸೂರ ಇನ್ನೂ ಒಳಗೇ ಇತ್ತು. ಆ ಲೇಸರ್ ತಾಗಿದ್ದರೆ ಮಸೂರಕ್ಕೇ ಪೆಟ್ಟು. ಹಣ ವಾಪಸ್ ಕೊಟ್ಟರು. ಕ್ಷಮೆ ಮಾತ್ರ ಕೇಳಲಿಲ್ಲ.

ಐಸಿಎಲ್ ಇರುವವರಿಗೆ ನನ್ನ ಮೊದಲ ಮಾತು ಇದೇ. ಯಾವುದೇ ಕಣ್ಣಾಸ್ಪತ್ರೆಗೆ ಹೋದರೂ ಬಾಗಿಲಲ್ಲೇ ಹೇಳಿ. ಬಾಯಲ್ಲಿ ಹೇಳಿದರೆ ಸಾಲದು, ಕಾಗದ ತೋರಿಸಿ. ಲೇಸರ್ ಅನ್ನುವ ಒಂದೇ ಶಬ್ದದಲ್ಲಿ ನಾಲ್ಕಾರು ಬೇರೆ ಬೇರೆ ಚಿಕಿತ್ಸೆಗಳಿವೆ. ಯಾವ ಲೇಸರ್, ಕಣ್ಣಿನ ಯಾವ ಭಾಗಕ್ಕೆ, ಏನು ಮಾಡಲಿಕ್ಕೆ ಅಂತ ಮೂರೂ ಕೇಳಿ.

ಆಮೇಲೆ ಬೆಳಗಾವಿಯದೇ ಟಿಳಕವಾಡಿಯಲ್ಲಿ ಒಬ್ಬರು ಡಾಕ್ಟರ್ ಮೇಡಂ ಹತ್ತಿರ ಹೋದೆ. ಅವರು ಪಾಪೆ ಅಗಲ ಮಾಡುವ ಹನಿ ಹಾಕಿ ಅರ್ಧ ತಾಸು ಕೂರಿಸಿ ನೋಡಿದರು. ಬಲಗಣ್ಣಿನಲ್ಲಿ ಪೊರೆ ಎರಡು ಥರ ಇತ್ತು. ನಡುವೆ ಗಟ್ಟಿಯಾಗಿದ್ದು ಒಂದು. ಮಸೂರದ ಮುಂಭಾಗದಲ್ಲಿ, ಐಸಿಎಲ್‌ಗೆ ತೀರ ಹತ್ತಿರ, ಬಿಳಿ ಕಲೆ ಇನ್ನೊಂದು. ಐಸಿಎಲ್‌ಗೂ ಮಸೂರಕ್ಕೂ ನಡುವೆ ಸ್ವಲ್ಪ ಸಂದು ಇರಬೇಕು. ವಾಲ್ಟ್ ಅಂತಾರೆ ಅದಕ್ಕೆ. ಸಾಮಾನ್ಯವಾಗಿ 250ರಿಂದ 750 ಮೈಕ್ರಾನ್ ಇದ್ದರೆ ಚಲೋ. ನನ್ನ ಬಲಗಣ್ಣಿನಲ್ಲಿ ಅದು 90ಕ್ಕೆ ಇಳಿದಿತ್ತು. 1000 ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್, ಅಂದಮೇಲೆ 90 ಎಷ್ಟು ಕಡಿಮೆ ನೋಡಿ. ಸಂದು ಕಡಿಮೆಯಾದರೆ ಮುಂಭಾಗದಲ್ಲಿ ಪೊರೆ ಬರುವ ಸಾಧ್ಯತೆ ಹೆಚ್ಚು. ಅದೂ ಅಲ್ಲದೆ ಇಷ್ಟು ಜಾಸ್ತಿ ಮೈನಸ್ ಇರುವ ಕಣ್ಣಿಗೆ ಮೋತಿಬಿಂದು ಬೇಗ ಬರುವುದೂ ಉಂಟಂತೆ. ನನಗೆ ಯಾವುದರಿಂದ ಎಷ್ಟು ಬಂತು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ ಅಂದರು. ಹಾಗೆ ನೇರವಾಗಿ ಹೇಳಿದ್ದೇ ನನಗೆ ಅವರ ಮೇಲೆ ನಂಬಿಕೆ ತಂದಿತು.

"ಹಳೇ ಕಾರ್ಡ್ ಇಟ್ಟೀರೇನ್ರಿ?" ಅಂತ ಕೇಳಿದರು.

ಕಾರ್ಡು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. 2009ರಲ್ಲಿ ಲೆನ್ಸ್ ಹಾಕಿದ ಆಸ್ಪತ್ರೆಗೆ ಫೋನ್ ಮಾಡಿದೆ. ಅಷ್ಟು ಹಳೆಯ ಫೈಲು ಇಟ್ಟಿಲ್ಲ ಅಂದರು. ಮನೆಯಲ್ಲಿ ಹುಡುಕಲು ಶುರುಮಾಡಿದೆವು. ಮೂರನೇ ದಿನ ನನ್ನ ಹೆಂಡತಿ ಅಟ್ಟದ ಮೇಲಿನ ಟ್ರಂಕಿನಲ್ಲಿ, ಎಲ್‌ಐಸಿ ಬಾಂಡು ಮತ್ತು ಮಗಳ ಪೋಲಿಯೋ ಕಾರ್ಡಿನ ನಡುವೆ ಇದ್ದ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದಳು. "ನೀವು ಒಗೀರಿ ಅಂದಿದ್ರಿ. ನಾ ಒಗದಿರಲಿಲ್ರಿ" ಅಂದಳು. ಎರಡು ಕಾರ್ಡುಗಳು, ಬಲಗಣ್ಣಿಗೊಂದು, ಎಡಗಣ್ಣಿಗೊಂದು. ಲೆನ್ಸಿನ ಮಾದರಿ, ಪವರ್, ಉದ್ದ, ಸೀರಿಯಲ್ ನಂಬರ್ ಎಲ್ಲ ಇತ್ತು. ಜೊತೆಗೆ ಐಸಿಎಲ್ ಹಾಕುವ ಮೊದಲು ತೆಗೆದ ಕಣ್ಣಿನ ಅಳತೆಯ ಕಾಗದ. ಆ ಕವರ್ ಎಷ್ಟು ಕೆಲಸಕ್ಕೆ ಬಂತು ಅಂದರೆ, ಅದಿಲ್ಲದಿದ್ದರೆ ನನ್ನ ಆಪರೇಷನ್ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ ಅಂತಲೇ ನಾನು ನಂಬಿದ್ದೇನೆ.

ಕಾರ್ಡು ನೋಡಿ ಮೇಡಂ ಮೊದಲು ಗಮನಿಸಿದ್ದು ಮಾದರಿ. ಈಗ ಬರುವ ಐಸಿಎಲ್ ನಡುವೆ ಒಂದು ಸೂಕ್ಷ್ಮ ತೂತು ಇರುತ್ತದೆ, 0.36 ಮಿಲಿಮೀಟರ್‌ನದು. ಕಣ್ಣೊಳಗಿನ ನೀರು ಅದರ ಮೂಲಕ ಹರಿಯುತ್ತದೆ. ನನ್ನದು ಅದಕ್ಕಿಂತ ಹಳೆಯದು, ತೂತಿಲ್ಲದ್ದು. ಅದಕ್ಕಾಗಿ ಆಗ ನನ್ನ ಐರಿಸ್‌ನ ಅಂಚಿನಲ್ಲೇ ಲೇಸರ್‌ನಿಂದ ಎರಡು ಸಣ್ಣ ಕಿಂಡಿ ಮಾಡಿದ್ದರು. ಈ ತೂತಿಲ್ಲದ ವಿಷಯ ಮುಂದೆ ಆಪರೇಷನ್ ಟೇಬಲ್ ಮೇಲೂ ಬಂತು.

ಟಿಳಕವಾಡಿ ಮೇಡಂ ನನ್ನನ್ನು ಹುಬ್ಬಳ್ಳಿಯ ಒಬ್ಬ ಸರ್ಜನ್ ಹತ್ತಿರ ಕಳಿಸಿದರು. ಬೆಳಗಾವಿಯಿಂದ ಸುಮಾರು ನೂರು ಕಿಲೋಮೀಟರ್. ಅವರು ಈ ಥರದ ಹಳೆ ಲೆನ್ಸ್ ತೆಗೆದವರು, ಅದಕ್ಕೇ ಅಲ್ಲಿಗೆ ಹೋಗಿ ಅಂದರು. ಲೇಸರ್ ಯಂತ್ರ ಇದೆ ಅನ್ನುವ ಕಾರಣಕ್ಕೆ ಕಳಿಸಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಅಳತೆಗಳಿಗೇ ಒಂದು ಇಡೀ ದಿನ ಹೋಯಿತು. ಕಣ್ಣಿನ ಉದ್ದ 29 ಮಿಲಿಮೀಟರ್ ಬಂತು. ಸಾಮಾನ್ಯ ಕಣ್ಣು 23, 24 ಇರುತ್ತದೆ. ಹೊಸ ಲೆನ್ಸಿನ ಪವರ್ ಲೆಕ್ಕ ಹಾಕಲು ಮಸೂರ ಎಷ್ಟು ಆಳದಲ್ಲಿದೆ ಅಂತಲೂ ಬೇಕು. ಯಂತ್ರ ಐಸಿಎಲ್‌ನ ಮುಂಭಾಗವನ್ನೇ ಮಸೂರ ಅಂತ ತಿಳಿದು ಆಳ ಕಡಿಮೆ ತೋರಿಸಿತು. ಅಳತೆ ಮಾಡುತ್ತಿದ್ದ ಹುಡುಗಿ ಪರದೆಯ ಮೇಲಿನ ಗೆರೆ ನೋಡಿ "ಇದು ಬರೋಬ್ಬರಿ ಇಲ್ರಿ ಅಣ್ಣಾರ, ಮತ್ತೊಮ್ಮೆ ತಗೀತೀನಿ" ಅಂದಳು. ಮೂರು ಸಲ ತೆಗೆದಳು. ಆಮೇಲೆ ಡಾಕ್ಟರೇ ಬಂದು ಚಿತ್ರದಲ್ಲಿ ಗೆರೆಯನ್ನು ಕೈಯಾರೆ ಸರಿಯಾದ ಜಾಗಕ್ಕೆ ಇಟ್ಟು, 2009ರ ಕಾಗದದ ಜೊತೆ ಹೋಲಿಸಿದರು. ಎರಡೂ ತಾಳೆಯಾಯಿತು. ಆ ಹುಡುಗಿಯ ಹೆಸರು ಗೊತ್ತಿಲ್ಲ. ಅವಳ ಕಣ್ಣು ಚುರುಕು. ಅವಳಿಗೆ ಒಳ್ಳೆಯದಾಗಲಿ.

ಐಸಿಎಲ್ ಇದ್ದವರಿಗೆ ಒಂದು ಅನುಕೂಲವೂ ಇದೆ. ಲಾಸಿಕ್ ಮಾಡಿಸಿಕೊಂಡವರ ಕಾರ್ನಿಯಾದ ಆಕಾರವೇ ಬದಲಾಗಿರುತ್ತದೆ, ಹಾಗಾಗಿ ಅವರಿಗೆ ಲೆನ್ಸಿನ ಪವರ್ ಲೆಕ್ಕ ಹಾಕುವುದು ಕಷ್ಟ. ನಮ್ಮ ಕಾರ್ನಿಯಾ ಮುಟ್ಟದೆ ಹಾಗೇ ಇರುತ್ತದೆ. ಜೊತೆಗೆ ಮೈನಸ್ ಐಸಿಎಲ್‌ನ ನಡುಭಾಗ ತೀರ ತೆಳು, ಆದ್ದರಿಂದ ಕಣ್ಣಿನ ಉದ್ದದ ಅಳತೆಯಲ್ಲಿ ದೊಡ್ಡ ತಪ್ಪು ಬರುವುದಿಲ್ಲ. ಕಾರ್ನಿಯಾದ ಒಳಪದರದ ಜೀವಕೋಶಗಳನ್ನೂ ಎಣಿಸಿದರು. ಚದರ ಮಿಲಿಮೀಟರಿಗೆ 2210. ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎರಡೆರಡು ಕೆಲಸ ಒಂದೇ ಸಲ ಮಾಡುವಾಗ ಈ ಲೆಕ್ಕ ಮುಖ್ಯ. ಕಣ್ಣಿನ ಹಿಂದಿನ ರೆಟಿನಾವನ್ನು ಬೇರೆ ಡಾಕ್ಟರ್ ಅಂಚಿನವರೆಗೂ ನೋಡಿದರು. ಉದ್ದ ಕಣ್ಣಿನವರಿಗೆ ರೆಟಿನಾ ಕಳಚುವ ಭಯ ಇದ್ದೇ ಇರುತ್ತದೆ. ಈ ಪರೀಕ್ಷೆ ಬಿಟ್ಟು ಯಾರಾದರೂ ಆಪರೇಷನ್ ದಿನ ಗೊತ್ತು ಮಾಡಿದರೆ ಎದ್ದು ಬನ್ನಿ.

ಈಗ ಲೇಸರ್ ವಿಷಯ. ಸರ್ಜನ್ ಹತ್ತಿರ ನಾನು ನೇರವಾಗಿ ಕೇಳಿದೆ, "ಸರ್, ಲೇಸರ್ ಬೇಕೇ ಬೇಕಾ?" ಅವರೂ ನೇರವಾಗಿ ಉತ್ತರ ಕೊಟ್ಟರು. ಈ ಲೇಸರ್‌ನಿಂದ ಮನುಷ್ಯರ ಮೇಲೆ ಮೊದಲ ಮೋತಿಬಿಂದು ಆಪರೇಷನ್ ಆಗಿದ್ದು 2008ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಆಗ ಎಲ್ಲರೂ ಇನ್ನು ಮುಂದೆ ಕೈಯಿಂದ ಮಾಡುವುದೇ ಹೋಗುತ್ತದೆ ಅಂದುಕೊಂಡರಂತೆ. ಆದರೆ 2020ರಲ್ಲಿ ಫ್ರಾನ್ಸ್‌ನ ದೊಡ್ಡ ಅಧ್ಯಯನ ಒಂದು ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಲೇಸರ್ ಇಲ್ಲದೆ ಪೊರೆ ಪುಡಿಮಾಡಿ ಹೀರಿ ತೆಗೆಯುವ ಮಾಮೂಲಿ ಫೇಕೋಗಿಂತ ಲೇಸರಿನ ಫಲಿತಾಂಶದಲ್ಲಿ ಮೇಲುಗೈ ಕಾಣಲಿಲ್ಲ, ಖರ್ಚು ಮಾತ್ರ ಜಾಸ್ತಿ ಅಂತ ಅದರಲ್ಲಿತ್ತು. "ನಿಮ್ಮ ಅವ್ವಗ ಮೋತಿಬಿಂದು ಬಂದ್ರ ನಾ ಲೇಸರ್ ಹೇಳಂಗಿಲ್ಲ. ನಿಮ್ಮ ಕಣ್ಣಿನ ಮಾತು ಬ್ಯಾರೆ" ಅಂದರು.

ಬೇರೆ ಹೇಗೆ ಅಂತ ಒಂದು ಹಾಳೆಯ ಮೇಲೆ ಬಿಡಿಸಿ ತೋರಿಸಿದರು. ನಮ್ಮ ಮಸೂರ ಒಂದು ತೆಳು ಚೀಲದೊಳಗೆ ಇರುತ್ತದೆ. ಚೀಲದ ಮುಂಭಾಗದಲ್ಲಿ ದುಂಡಗೆ ಒಂದು ಬಾಯಿ ತೆರೆದು, ಒಳಗಿನ ಪೊರೆ ತೆಗೆದು, ಅದೇ ಚೀಲದಲ್ಲಿ ಹೊಸ ಲೆನ್ಸ್ ಕೂರಿಸುತ್ತಾರೆ. ಆ ದುಂಡು ಬಾಯಿ ಸರಿಯಾಗಿ ಬರುವುದೇ ಅರ್ಧ ಆಪರೇಷನ್. ನನ್ನ ಚೀಲದ ಮುಂದೆಯೇ ಆ ಬಿಳಿ ಕಲೆ ಇತ್ತು, ಕೈಯಿಂದ ಹರಿಯುವಾಗ ಅಂಚು ಎಲ್ಲೆಂದರಲ್ಲಿ ಓಡುವ ಭಯ. ಲೇಸರ್ ಆದರೆ 5 ಮಿಲಿಮೀಟರ್ ಅಂದರೆ 5 ಮಿಲಿಮೀಟರ್ ದುಂಡು ಕೊರೆಯುತ್ತದೆ. ಕಿರಣ ಐಸಿಎಲ್ ಮೂಲಕವೇ ಹಾದುಹೋಗುತ್ತದೆ, ಎಲ್ಲಿ ಕೇಂದ್ರೀಕರಿಸುತ್ತಾರೋ ಅಲ್ಲಿ ಮಾತ್ರ ಕತ್ತರಿಸುತ್ತದೆ.

ಅಪಾಯ ಎರಡು ಅಂದರು. ಒಂದು, ಯಂತ್ರ ಒಳಗಿನ ಪದರಗಳನ್ನು ತಾನೇ ಸ್ಕ್ಯಾನ್ ಮಾಡಿ ಗುರುತಿಸುತ್ತದೆ. ಅದು ಐಸಿಎಲ್‌ನ ಮೈಯನ್ನೇ ಚೀಲ ಅಂದುಕೊಂಡರೆ ತಪ್ಪು ಜಾಗ ಕತ್ತರಿಸುತ್ತದೆ. ಅದಕ್ಕೆ ಪ್ರತಿ ಗೆರೆಯನ್ನೂ ಸರ್ಜನ್ ನೋಡಿ ಸರಿಪಡಿಸಬೇಕು. ಎರಡು, ಲೇಸರ್ ಕತ್ತರಿಸುವಾಗ ಸಣ್ಣ ಗಾಳಿಗುಳ್ಳೆಗಳು ಏಳುತ್ತವೆ. ತೂತಿಲ್ಲದ ಐಸಿಎಲ್ ಮತ್ತು ಚೀಲದ ನಡುವಿನ ಇಕ್ಕಟ್ಟಿನಲ್ಲಿ ಅವು ಸಿಕ್ಕಿಕೊಂಡರೆ ಮುಂದಿನ ಕಿರಣಕ್ಕೆ ಅಡ್ಡ ಬರುತ್ತವೆ. "ಎಲ್ಲೆರ ಒಂದ್ ಕಡೆ ಕತ್ತರಿಸದೆ ಉಳೀಬಹುದು. ಉಳಿದ್ರ ನಾ ಕೈಲೆ ಮುಗಸ್ತೀನಿ" ಅಂದರು. ಆ ಕೊನೆಯ ಮಾತು ಕೇಳಿದ ಮೇಲೆಯೇ ನಾನು ಒಪ್ಪಿದ್ದು.

ಯಾವ ಲೆನ್ಸ್ ಅನ್ನುವ ಮಾತು ಬಂದಾಗ ಕೌಂಟರಿನವರು ದೂರ, ಹತ್ತಿರ ಎರಡೂ ಕಾಣಿಸುವ ಮಲ್ಟಿಫೋಕಲ್ ತಗೊಳ್ಳಿ, ಚಸ್ಮಾನೇ ಬೇಡ ಅಂತ ತುಂಬಾ ಒತ್ತಾಯ ಮಾಡಿದರು. ನನಗೆ ಸರಿ ಅನಿಸಲಿಲ್ಲ. ಆ ಲೆನ್ಸಿನಲ್ಲಿ ಬೆಳಕು ಹಂಚಿಹೋಗುತ್ತದೆ, ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು, ಹತ್ತಿರ ಹತ್ತಿರದ ಎರಡು ಛಾಯೆಗಳ ವ್ಯತ್ಯಾಸ ಸ್ವಲ್ಪ ಮಂಕಾಗಬಹುದು. ನನ್ನ ಅನ್ನವೇ ಛಾಯೆಗಳ ಮೇಲೆ. ಒಂದೇ ದೂರಕ್ಕೆ ಸ್ಪಷ್ಟ ಕಾಣುವ ಸಾದಾ ಲೆನ್ಸ್ ತಗೊಂಡೆ. ಸರ್ಜನ್ ಒಂದು ಪ್ರಶ್ನೆ ಕೇಳಿದರು. ದಿನದಲ್ಲಿ ಹೆಚ್ಚು ಹೊತ್ತು ಏನು ನೋಡುತ್ತೀರಿ? ಗ್ರಾಫ್ ಹಾಳೆ ಅಂದೆ. ಎಷ್ಟು ದೂರದಲ್ಲಿ? ಮೇಜಿನ ಮುಂದೆ ಕೂತ ಹಾಗೆ ಮಾಡಿ ತೋರಿಸಿದೆ. ಟೇಪಿನಿಂದ ಅಳೆದರು, 40 ಸೆಂಟಿಮೀಟರ್. ಹಾಗಾದರೆ ಬೇಕೆಂದೇ ಮೈನಸ್ 2.5 ಉಳಿಸೋಣ, ಹಾಳೆಗೆ ಚಸ್ಮಾ ಬೇಡ, ಬೈಕಿಗೆ ಚಸ್ಮಾ ಹಾಕಿಕೊಳ್ಳಿ ಅಂದರು. ಎಡಗಣ್ಣಿಗೂ ಈಗ ಮೈನಸ್ 2 ಹತ್ತಿರ ಬಂದಿದೆ, ಎರಡಕ್ಕೂ ಹೊಂದುತ್ತದೆ. ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಇದು. ನನ್ನ ಕೆಲಸ ಕೇಳಿ ಕಣ್ಣಿನ ನಂಬರ್ ನಿಶ್ಚಯ ಮಾಡಿದರು.

ಆಪರೇಷನ್ ದಿನ. ಇಂಜೆಕ್ಷನ್ ಇಲ್ಲ, ಬರೀ ಹನಿ ಹಾಕಿ ಮರಗಟ್ಟಿಸಿದರು. ಲೇಸರ್ ಕೋಣೆಯಲ್ಲಿ ಮಲಗಿಸಿ ಕಣ್ಣಿನ ಮೇಲೆ ಒಂದು ಬಳೆಯಂಥದ್ದು ಇಟ್ಟು ಗಾಳಿ ಎಳೆದು ಹಿಡಿಸಿದರು. ನೋವಲ್ಲ, ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗೆ. ಕಾಣುವುದು ಕಪ್ಪಾಗುತ್ತ ಹೋಯಿತು. ಆಗ ಎದೆ ಹೊಡೆದುಕೊಂಡಿತು. ಕಪ್ಪಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಸರ್ಜನ್ ಪರದೆ ನೋಡುತ್ತ ಏನನ್ನೋ ಸರಿಸುತ್ತ ಸ್ವಲ್ಪ ಹೊತ್ತು ತಗೊಂಡರು, ಆ ಗೆರೆಗಳನ್ನು ಇರಬೇಕು. ಲೇಸರ್ ಅಂತೂ ಒಂದು ನಿಮಿಷದ ಒಳಗೇ ಮುಗಿಯಿತು.

ಅಲ್ಲಿಂದ ಪಕ್ಕದ ಕೋಣೆಗೆ. ಮೇಲೆ ಬಿಳಿ ಬೆಳಕು, ಬಣ್ಣಬಣ್ಣದ ನೆರಳು. ಸರ್ಜನ್ ಹಳೆ ಲೆನ್ಸ್ ತೆಗೆಯುತ್ತಿದ್ದೇನೆ ಅಂದರು. ಸಣ್ಣಗೆ ಎಳೆದ ಹಾಗೆ ಅನಿಸಿತು, ಅಷ್ಟೆ. ಹದಿನೈದು ವರ್ಷ ನನ್ನ ಜೊತೆ ಇದ್ದದ್ದು ಹೊರಗೆ ಹೋಯಿತು. ಆಮೇಲೆ ನೀಲಿ ಬಣ್ಣ ಹಾಕಿ ಚೀಲದ ಅಂಚು ನೋಡಿದರು. ಅವರು ಹೇಳಿದ್ದು ನಿಜವಾಯಿತು. ದುಂಡಿನ ಒಂದು ಬದಿಯಲ್ಲಿ, ಗಡಿಯಾರದ ಲೆಕ್ಕದಲ್ಲಿ ಒಂದು ತಾಸಿನಷ್ಟು ಜಾಗ, ಗುಳ್ಳೆ ನಿಂತು ಕತ್ತರಿಸದೆ ಉಳಿದಿತ್ತು. ಎಳೆದು ತೆಗೆದರೆ ಅಲ್ಲಿಂದ ಚೀಲ ಹರಿಯಬಹುದಿತ್ತು. ಅವರು ಚಿಮಟದಿಂದ ಮೆಲ್ಲಗೆ ಸುತ್ತು ಮುಗಿಸಿದರು. ಇದೆಲ್ಲ ನನಗೆ ಆಮೇಲೆ ವಿಡಿಯೋ ತೋರಿಸಿ ಹೇಳಿದ್ದು. ಮುಚ್ಚಿಡಲಿಲ್ಲ. ವಿಡಿಯೋ ನೋಡುವಾಗ ನನಗೆ ನಮ್ಮ ಓಣಿಯ ಹಿರಿಯ ನೇಕಾರರು ನೆನಪಾದರು. ಮಗ್ಗ ಎಷ್ಟೇ ಚಲೋ ಇರಲಿ, ಎಳೆ ಕಡಿದಾಗ ಗಂಟು ಹಾಕುವುದು ಕೈಯೇ.

ಆಮೇಲೆ ಪೊರೆ ತೆಗೆದು ಹೊಸ ಲೆನ್ಸ್ ಕೂರಿಸಿದರು. ಪವರ್ ಪ್ಲಸ್ 7.5. ಬಹಳ ಜನರಿಗೆ ಪ್ಲಸ್ 20ರ ಆಸುಪಾಸು ಬೇಕಾಗುತ್ತದೆ, ಉದ್ದ ಕಣ್ಣಿಗೆ ಇಷ್ಟು ಕಡಿಮೆ ಸಾಕು. ತೆಗೆದ ಐಸಿಎಲ್ ಅನ್ನು ಒಂದು ಸಣ್ಣ ಬಟ್ಟಲಿನಲ್ಲಿ ತೋರಿಸಿದರು. ಉಳ್ಳಾಗಡ್ಡಿ ಸುಲಿದಾಗ ನಡುವೆ ತೆಳ್ಳಗಿನ ಪೊರೆ ಬರುತ್ತದಲ್ಲ, ಹಾಗೆ ಇತ್ತು. ನನಗೆ ಯಾಕೋ ಕೈ ಮುಗಿಯಬೇಕು ಅನಿಸಿತು. ಮುಗಿದೆ.

ರಾತ್ರಿ ಹುಬ್ಬಳ್ಳಿಯಲ್ಲೇ ಉಳಿದೆವು. ಮರುದಿನದ ತಪಾಸಣೆ ತಪ್ಪಿಸುವ ಹಾಗಿಲ್ಲ, ಹೊರಊರಿನವರು ಒಂದು ರಾತ್ರಿಯ ರೂಮಿನ ಲೆಕ್ಕವನ್ನೂ ಹಾಕಿಕೊಳ್ಳಿ. ಬೆಳಿಗ್ಗೆ ನೋಡಿದಾಗ ಕಣ್ಣಿನೊಳಗಿನ ಒತ್ತಡ 30ಕ್ಕೆ ಏರಿತ್ತು. 21ರವರೆಗೆ ಸಾಮಾನ್ಯ. ಆಪರೇಷನ್‌ನಲ್ಲಿ ಬಳಸುವ ಜೆಲ್ ಸ್ವಲ್ಪ ಉಳಿದರೆ ಹೀಗಾಗುತ್ತದಂತೆ. ಒತ್ತಡ ಇಳಿಸುವ ಡಯಾಮಾಕ್ಸ್ ಮಾತ್ರೆ ಕೊಟ್ಟರು. ಅದನ್ನು ತಗೊಂಡರೆ ಬೆರಳ ತುದಿ ಜುಮುಜುಮು ಅನ್ನುತ್ತದೆ, ಗಾಬರಿ ಬೇಡ. ಎರಡು ದಿನಕ್ಕೆ ಒತ್ತಡ ಇಳಿಯಿತು. ಬಿಳಿಗುಡ್ಡೆಯ ಮೇಲೆ ಬಳೆ ಒತ್ತಿದ ಜಾಗದಲ್ಲಿ ಕೆಂಪು ಕಲೆ ಹತ್ತು ದಿನ ಇತ್ತು. ನೋಡಲು ಭಯ ಆಗುತ್ತದೆ, ತೊಂದರೆ ಏನಿಲ್ಲ.

ವಾಪಸ್ ಬರುವಾಗ ಕಿತ್ತೂರು ದಾಟಿದ ಮೇಲೆ ಕಾರಿನ ಕಿಟಕಿಯಿಂದ ಆಕಾಶ ನೋಡಿದೆ. ಎಡಗಣ್ಣು ಮುಚ್ಚಿ ನೋಡಿದರೆ ನೀಲಿ. ಬಲಗಣ್ಣು ಮುಚ್ಚಿ ನೋಡಿದರೆ ತೊಳೆಯದ ಪಂಚೆಯ ಬಣ್ಣ. ದೂರದ್ದು ಎರಡರಲ್ಲೂ ಮಬ್ಬೇ, ಆದರೆ ಬಣ್ಣ ಮಾತ್ರ ಒಂದರಲ್ಲಷ್ಟೇ ಇತ್ತು. ಮನೆಗೆ ಬಂದವನೇ ನೂಲಿನ ಲಡಿಗಳ ಕಪಾಟು ತೆರೆದೆ. ಹಿಂದಿನ ಒಂದು ವರ್ಷದಿಂದ ನಮ್ಮ ನೇಕಾರ ಮಾವ ಒಬ್ಬರು "ನೀ ಹೇಳೂ ಬಿಳಿ ಬಿಳಿ ಅಲ್ಲೋ ತಮ್ಮಾ, ಅದು ಕೆನಿ ಬಣ್ಣ" ಅಂತ ಜಗಳ ಆಡುತ್ತಿದ್ದರು. ನಾನು ಒಪ್ಪಿರಲಿಲ್ಲ. ಬಿಳಿ ಅಂತ ಚೀಟಿ ಹಚ್ಚಿದ್ದ ಐದು ಲಡಿಗಳಲ್ಲಿ ಮೂರು ಕೆನೆ ಬಣ್ಣದವು. ಅದೇ ಸಂಜೆ ಮಾವನ ಮನೆಗೆ ಹೋಗಿ ನೀವು ಹೇಳಿದ್ದೇ ಸರಿ ಅಂದೆ. ಅವರು ಏನೂ ಅನ್ನಲಿಲ್ಲ. ಚಹಾ ಕೊಡಿಸಿದರು.

ಮೂರು ವಾರಕ್ಕೆ ಕಣ್ಣಿನ ನಂಬರ್ ಮೈನಸ್ 2.25ಕ್ಕೆ ನಿಂತಿತು. ಕೇಳಿದ್ದು 2.5, ಬಂದದ್ದು 2.25. ಗ್ರಾಫ್ ಹಾಳೆ ಚಸ್ಮಾ ಇಲ್ಲದೆ ಸ್ಪಷ್ಟ. ಚೌಕದ ಗೆರೆಗಳು ಎಷ್ಟು ತೆಳ್ಳಗಿವೆ ಅನ್ನುವುದೇ ಮರೆತುಹೋಗಿತ್ತು. ಹನಿ ಐದು ವಾರ, ಹಂತ ಹಂತವಾಗಿ ಕಡಿಮೆ ಮಾಡುತ್ತ. ಒಂದು ವಾರ ತಲೆಗೆ ನೀರಿಲ್ಲ. ನಂತರದ ತಪಾಸಣೆ ಎಲ್ಲ ಟಿಳಕವಾಡಿಯಲ್ಲೇ ಆಯಿತು. ಇಬ್ಬರು ಡಾಕ್ಟರರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನನಗೆ ನೂರು ಕಿಲೋಮೀಟರ್ ಓಡಾಟ ಉಳಿಯಿತು. ಕಣ್ಣ ಮುಂದೆ ಮಿಂಚು, ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಇಳಿದ ಹಾಗೆ, ಇವುಗಳಲ್ಲಿ ಯಾವುದೇ ಬಂದರೂ ಅದೇ ದಿನ ಬನ್ನಿ ಅಂತ ಇಬ್ಬರೂ ಹೇಳಿದ್ದಾರೆ. ರೆಟಿನಾದ ಎಚ್ಚರಿಕೆ ಅದು. ನಮ್ಮಂಥ ಉದ್ದ ಕಣ್ಣಿನವರು ಇದನ್ನು ಬಾಯಿಪಾಠ ಮಾಡಬೇಕು.

ಒಂದು ಅಂಕ ಕಡಿದದ್ದು ದುಡ್ಡಿನ ವಿಷಯಕ್ಕೆ. ಮೊದಲ ದಿನ ಲೇಸರ್ ಪ್ಯಾಕೇಜ್ 85,000 ರೂಪಾಯಿ, ಎಲ್ಲ ಸೇರಿ ಅಂದರು. ಆಪರೇಷನ್ ಹಿಂದಿನ ಸಂಜೆ ಹಳೆ ಲೆನ್ಸ್ ತೆಗೆಯುವುದಕ್ಕೆ ಬೇರೆ 14,000 ಅಂದರು. ನನ್ನ ಕಣ್ಣಿನಲ್ಲಿ ಹಳೆ ಲೆನ್ಸ್ ಇದೆ ಅಂತಲೇ ನಾನು ಅಲ್ಲಿಗೆ ಹೋದದ್ದು, ಅದು ಮೊದಲ ದಿನವೇ ಗೊತ್ತಿತ್ತು ಅಲ್ವಾ? ಹಿಂದಿನ ಸಂಜೆ ಯಾರು ಎದ್ದು ಬರುತ್ತಾರೆ? ಕಟ್ಟಿದೆ. ವಿಮೆಯವರು ಮಾಮೂಲಿ ಫೇಕೋದ ಲೆಕ್ಕದಲ್ಲಿ 38,000 ಕೊಟ್ಟರು, ಲೇಸರಿನ ದುಡ್ಡು ಕೊಡಲಿಲ್ಲ. ನೀವು ಹೋಗುವುದಾದರೆ ಹಳೆ ಲೆನ್ಸ್ ತೆಗೆಯುವ ಖರ್ಚು ಸೇರಿದೆಯಾ ಅಂತ ಕೇಳಿ, ಬರೆದುಕೊಡಿ ಅನ್ನಿ. ವಿಮೆಯವರನ್ನೂ ಮೊದಲೇ ಕೇಳಿ.

ಲೇಸರಿಗೆ ಕೊಟ್ಟ ದುಡ್ಡು ದಂಡವಾಯಿತಾ ಅಂತ ನನ್ನ ತಂಗಿಯ ಮಗ ಕೇಳಿದ. ದಂಡ ಅನ್ನಲಾರೆ. ಆ ಬಿಳಿ ಕಲೆಯ ಸುತ್ತ ಮುಕ್ಕಾಲು ಪಾಲಿಗಿಂತ ಹೆಚ್ಚು ದುಂಡು ಅದೇ ಕೊರೆದಿದ್ದು. ಆದರೆ ಒಂದೇ ಊರಿನಲ್ಲಿ ಲೇಸರ್ ಇದ್ದು ಐಸಿಎಲ್ ತೆಗೆದ ಅನುಭವ ಇಲ್ಲದ ಡಾಕ್ಟರ್, ಲೇಸರ್ ಇಲ್ಲದೆ ಆ ಅನುಭವ ಇರುವ ಡಾಕ್ಟರ್, ಇಬ್ಬರೂ ಇದ್ದರೆ ನಾನು ಕಣ್ಣು ಮುಚ್ಚಿ ಎರಡನೆಯವರ ಹತ್ತಿರ ಹೋಗುತ್ತೇನೆ.

ಎಡಗಣ್ಣಿನ ವಾಲ್ಟ್ 210 ಇದೆ, ಪೊರೆ ಈಗಷ್ಟೇ ಶುರು. ಅವಸರ ಇಲ್ಲ ಅಂದಿದ್ದಾರೆ, ಆರು ತಿಂಗಳಿಗೊಮ್ಮೆ ಅಳೆಯುತ್ತಾರೆ. ಹೊಸ ಲೆನ್ಸಿನ ಕಾರ್ಡನ್ನು ಹೆಂಡತಿ ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿದ್ದಾಳೆ. ಮೂರೂ ಕಾರ್ಡಿನ ಫೋಟೋ ತೆಗೆದು ಮಗಳ ಮೊಬೈಲಿಗೂ ಕಳಿಸಿದ್ದೇವೆ. ಟ್ರಂಕಿನ ಕೀಲಿ ಈಗ ದೇವರ ಮನೆಯ ಮೊಳೆಗೆ ತೂಗುಹಾಕಿದೆ.